ಮೈಸೂರಿನ ಹೆಸರಿದ್ದ ಕಾಗದ

ಇಡೀ ಒಂದು ಚಳಿಗಾಲದ ದುಡಿಮೆಗೆ ಬದರಿನಾಥನಿಗೆ ಸಿಕ್ಕಿದ್ದು ಅಡಿಟಿಪ್ಪಣಿಯ ಒಂದು ಸಾಲು: ‘ನೆರವಿಗೆ ಬಂದ ನೆರೆಮನೆಯವರೊಬ್ಬರಿಗೆ ಕೃತಜ್ಞತೆಗಳು.’ ಹೆಸರಿರಲಿಲ್ಲ. ತಮ್ಮ ಲೇಖನ ಬಂದ ಸಂಶೋಧನಾ ಪತ್ರಿಕೆಯನ್ನು ಪ್ರೊಫೆಸರ್ ಲೆನ್ನಾರ್ಟ್ ಬ್ರೊಡೀನ್ ತಾವೇ ಅಂಚೆಯಲ್ಲಿ ಕಳಿಸಿದ್ದರು. ಬದರಿನಾಥ ಅದನ್ನು ಕಟ್ಟಡದ ಬಾಗಿಲಲ್ಲಿ, ಟಪಾಲು ಪೆಟ್ಟಿಗೆಗಳ ಮುಂದೆ ನಿಂತೇ ಓದಿದ. ಕಂಕುಳಲ್ಲಿ ಮಗಳ ಒದ್ದೆ ಟೋಪಿ, ಕೈಗವಸು. “ಪಪ್ಪಾ, ಕೊಮ್!” ಎಂದು ಶ್ರಾವಣಿ ಲಿಫ್ಟಿನ ಬಾಗಿಲು ಹಿಡಿದುಕೊಂಡು ಸ್ವೀಡಿಷಿನಲ್ಲಿ ಕರೆಯುತ್ತಿದ್ದಳು. ಅವನು ಆ ಸಾಲನ್ನೇ ಮತ್ತೊಮ್ಮೆ ಓದಿದ. ಕೋಪ ತಕ್ಷಣ ಬರಲಿಲ್ಲ. ಮೊದಲು ಬಂದದ್ದು ನಾಚಿಕೆ, ಯಾರೋ ಸಭೆಯಲ್ಲಿ ತನ್ನ ಕುರ್ಚಿಯನ್ನು ನಯವಾಗಿ ಆಚೆ ಸರಿಸಿದ ಹಾಗೆ.

ಮೈಸೂರಿನಲ್ಲಿ ಅವನಿಗೆ ಹೆಸರಿತ್ತು. ಕಾಲೇಜಿನ ಪಡಸಾಲೆಯಲ್ಲಿ ಹುಡುಗರು ದಾರಿ ಬಿಟ್ಟು “ನಮಸ್ಕಾರ ಸರ್” ಎನ್ನುತ್ತಿದ್ದರು. ಹದಿನೆಂಟನೆಯ ಶತಮಾನದ ಮೈಸೂರಿನ ಹೊರನಾಡ ವ್ಯಾಪಾರದ ಮೇಲೆ ಪಿಎಚ್‌ಡಿ ಮಾಡಿ, ಮೋಡಿ ಲಿಪಿಯ ಕಡತಗಳನ್ನು ಓದಿ ಓದಿ ಕನ್ನಡಕ ದಪ್ಪವಾಗಿಸಿಕೊಂಡವನು. ಹೆಂಡತಿ ಜಾನಕಿಗೆ ಸ್ವೀಡನ್ನಿನ ಗೋಥೆನ್‌ಬರ್ಗಿನ ಲಿಂಡ್‌ಹೋಲ್ಮೆನ್‌ನಲ್ಲಿ ಕಾರುಗಳ ಸಾಫ್ಟ್‌ವೇರ್ ಕೆಲಸ ಸಿಕ್ಕಾಗ, ‘ಸ್ವಲ್ಪ ಕಾಲ ನೋಡೋಣ’ ಎಂದು ಸಂಬಳವಿಲ್ಲದ ರಜೆ ಹಾಕಿ ಹೊರಟುಬಂದ. ರಜೆ ಮುಗಿಯಿತು, ಅದರ ಹಿಂದೆಯೇ ಕೆಲಸವೂ ಹೋಯಿತು. ಈಗ ಬೆಳಿಗ್ಗೆ ಮಗಳನ್ನು ಶಿಶುವಿಹಾರಕ್ಕೆ, ಇಲ್ಲಿನವರ ಡಾಗಿಸ್‌ಗೆ ಬಿಡುವುದು, ಹುಳಿಗೆ ಬೇಳೆ ಇಡುವುದು, ಸಂಜೆ ಮಗಳನ್ನು ಕರೆತರುವುದು. ವಿಶ್ವವಿದ್ಯಾಲಯಗಳಿಗೆ ಬರೆದ ಅರ್ಜಿಗಳಿಗೆಲ್ಲ ಬಲು ಮರ್ಯಾದೆಯ ಉತ್ತರ ಬರುತ್ತಿತ್ತು: ನಿಮ್ಮ ಕ್ಷೇತ್ರ ನಮ್ಮಿಂದ ತುಂಬಾ ದೂರ.

ಯುಗಾದಿಗೆ ಕನ್ನಡದವರು ಬಾಡಿಗೆ ಹಾಲಿನಲ್ಲಿ ಸೇರಿದಾಗ, ಒಬ್ಬಟ್ಟಿನ ಸಾಲಿನಲ್ಲಿ ನಿಂತಿದ್ದ ನಂದಕುಮಾರ ಎಂಬ ಮ್ಯಾನೇಜರ್ ಕೇಳಿದ್ದ.

“ಸರ್, ನೀವ್ ಯಾವ್ ಕಂಪ್ನಿ?”

“ಕಂಪನಿ ಅಲ್ಲ. ನಾನು ಹಿಸ್ಟರಿ... ಇತಿಹಾಸದ ಲೆಕ್ಚರರ್ ಆಗಿದ್ದೆ.”

“ಓ, ಹಿಸ್ಟರಿ! ಸೂಪರ್ ಸರ್. ಮತ್ತೆ ಈಗ?”

ಆ ‘ಮತ್ತೆ ಈಗ’ ಅವನ ಕಿವಿಯಲ್ಲಿ ಉಳಿದುಬಿಟ್ಟಿತು.

ಕೆಳಮನೆಯ ಗುನ್ವೋರ್ ಹೆಡೆನ್‌ಬರ್ಗ್ ಮಾತ್ರ ಹಾಗೆ ಕೇಳಿರಲಿಲ್ಲ. ಎಂಬತ್ತು ದಾಟಿದ, ಮದುವೆಯಾಗದ, ಬೆನ್ನು ನೆಟ್ಟಗಿದ್ದ ಹೆಂಗಸು. ಶಾಲೆಯಲ್ಲಿ ಭೂಗೋಳ ಕಲಿಸಿ ನಿವೃತ್ತರಾದವರು. ಮೊದಲ ಭೇಟಿಯಲ್ಲೇ “ಮೈಸೂರು? ಕಾವೇರಿಯ ದಕ್ಷಿಣಕ್ಕೋ?” ಎಂದು ಕೇಳಿ ಅವನನ್ನು ಗೆದ್ದುಕೊಂಡಿದ್ದರು. ಕಣ್ಣು ಮಂಜಾಗುತ್ತ ಬಂದು, ಓದು ನಿಂತುಹೋಗಿತ್ತು. ಮನೆಯಲ್ಲೊಂದು ಪೆಟ್ಟಿಗೆ ಇದೆ, ಅದರಲ್ಲಿ ಅಮೆರಿಕದಿಂದ ಬಂದ ಹಳೆಯ ಕಾಗದಗಳಿವೆ, ಇಂಗ್ಲಿಷಿನಲ್ಲಿವೆ, ಸಾಯುವ ಮುಂಚೆ ಒಮ್ಮೆ ಪೂರ್ತಿ ಕೇಳಬೇಕು ಎಂದರು.

ಹೀಗೆ ಬದರಿನಾಥ ಥಡಿಯಸ್ ಹಾರ್ಲೋನನ್ನು ಕಂಡುಕೊಂಡ. ಅಮೆರಿಕ ಸ್ವತಂತ್ರವಾದ ಹೊಸತರಲ್ಲಿ ಅಲ್ಲಿನ ಕಾಂಗ್ರೆಸ್ಸಿನಲ್ಲಿ ಕೂತವನು, ಹೊಸ ದೇಶದ ಕಾನೂನು ಬರೆದವರಲ್ಲಿ ಒಬ್ಬ. ತರುಣನಾಗಿದ್ದಾಗ ರಾಜತಾಂತ್ರಿಕ ಕೆಲಸದ ಮೇಲೆ ಉತ್ತರ ಯುರೋಪಿಗೆ ಬಂದು, ಗೋಥೆನ್‌ಬರ್ಗಿನಲ್ಲಿ ವಿಷಮಜ್ವರ ಹಿಡಿದು ಮಲಗಿದ್ದ. ಅವನನ್ನು ಬದುಕಿಸಿದ್ದು ಹೆಡೆನ್‌ಬರ್ಗ್ ಎಂಬ ವರ್ತಕ ಕುಟುಂಬ. ಊರಿಗೆ ಮರಳಿದ ಮೇಲೆ ಅವನು ಆ ಮನೆಯ ಹಿರಿಯ ಮಗಳು ಕ್ರಿಸ್ಟಿನಾಳಿಗೆ ಬರೆಯತೊಡಗಿದ. ಅವನಿಗೆ ಮದುವೆಯಾಗಿ ಮಕ್ಕಳಾದರೂ, ಮುದುಕನಾದರೂ, ಬರೆಯುತ್ತಲೇ ಹೋದ. ಸಂವಿಧಾನದ ಜಗಳಗಳು, ಸೇಬಿನ ತೋಟ, ಮಕ್ಕಳ ಕೆಮ್ಮು, ಎಲ್ಲವೂ ಅದರಲ್ಲಿದ್ದವು. ಬದರಿನಾಥ ಒಂದೊಂದೇ ಕಾಗದವನ್ನು ಗಟ್ಟಿಯಾಗಿ ಓದುತ್ತಿದ್ದ, ಮನೆಗೆ ಹೋಗಿ ನಕಲು ತೆಗೆಯುತ್ತಿದ್ದ. ಪ್ರೊಫೆಸರ್ ಬ್ರೊಡೀನರನ್ನು ಕರೆಸಿದವನೂ ಅವನೇ. ಅವರು ಬಂದರು, ಇಲ್ಲಿನವರ ಕಾಫಿ ಹೊತ್ತಾದ ಫೀಕಾಗೆ ಕೂತು ಏಲಕ್ಕಿ ಬನ್ನು ತಿಂದರು, ಅವನ ನಕಲುಗಳನ್ನು ಬ್ಯಾಗಿಗೆ ಹಾಕಿಕೊಂಡು ಹೋದರು. ಆಮೇಲೆ ಬಂದದ್ದು ಆ ಅಡಿಟಿಪ್ಪಣಿ.

ಯೋಚನೆ ಹುಟ್ಟಿದ್ದು ಪಾತ್ರೆ ತೊಳೆಯುವಾಗ. ಆ ಕಾಗದಗಳಲ್ಲಿ ಎಲ್ಲಾದರೂ ಮೈಸೂರಿನ ಹೆಸರಿದ್ದಿದ್ದರೆ? ಬ್ರೊಡೀನರಿಗೆ ಮೈಸೂರು ಎಂದರೆ ನಕ್ಷೆಯ ಒಂದು ಚುಕ್ಕೆ. ಅವರು ಆಗ ಓಡಿ ಬರಬೇಕಾಗಿದ್ದು ಇಡೀ ಸ್ವೀಡನ್ನಿನಲ್ಲಿ ಒಬ್ಬನ ಹತ್ತಿರ. ಆ ಒಬ್ಬನನ್ನು ನೆರೆಮನೆಯವನು ಎಂದು ಕರೆದು ಕೈ ತೊಳೆದುಕೊಳ್ಳಲು ಆಗುತ್ತಿರಲಿಲ್ಲ.

ಕೆಲವು ದಿನ ಅದನ್ನು ಕನಸಿನಂತೆ ಆಡಿಸಿದ. ಆಮೇಲೆ ಅದಕ್ಕೆ ಕೈಕಾಲು ಬಂದವು. ಹಾರ್ಲೋ ಕುತೂಹಲದ ಮನುಷ್ಯ. ಕ್ರಿಸ್ಟಿನಾಳ ಅಣ್ಣ ಇಲ್ಲಿನ ಈಸ್ಟ್ ಇಂಡಿಯಾ ಕಂಪನಿಯ ಹಡಗಿನಲ್ಲಿ ಸೂರತ್ತಿನವರೆಗೂ ಹೋಗಿ ಬಂದವನು. ಅದು ಕಾಗದಗಳಲ್ಲೇ ಇದೆ. ಇಂಗ್ಲಿಷರ ವಿರುದ್ಧ ಗೆದ್ದು ಬಂದ ಅಮೆರಿಕನ್ನನಿಗೆ, ಅದೇ ಇಂಗ್ಲಿಷರಿಗೆ ಸೊಪ್ಪು ಹಾಕದ ಮೈಸೂರಿನ ದೊರೆಯ ಬಗ್ಗೆ ತಿಳಿಯುವ ಆಸೆ ಇರದೆ ಇರುತ್ತದೆಯೇ? ಅವನು ಬರೆದಿಲ್ಲ, ಅಷ್ಟೇ. ಬರೆಯಬೇಕಾಗಿತ್ತು. ಅವನು ಮರೆತದ್ದನ್ನು ನಾನು ನೆನಪಿಸುತ್ತೇನೆ ಎಂದುಕೊಂಡ ಬದರಿನಾಥ. ಯಾರ ಜೇಬಿಗೂ ಕೈ ಹಾಕುತ್ತಿಲ್ಲ. ಯಾರ ಹೆಸರೂ ಕೆಡುವುದಿಲ್ಲ.

ಎಲ್ಲಿ ಸೇರಿಸಬೇಕು ಎನ್ನುವುದನ್ನು ಬ್ರೊಡೀನರೇ ತೋರಿಸಿಕೊಟ್ಟಿದ್ದರು. ೧೭೮೬ರ ಬೇಸಿಗೆಯಿಂದ ಮರುವರ್ಷದ ಶರತ್ಕಾಲದವರೆಗೆ ಹಾರ್ಲೋನ ಒಂದೂ ಕಾಗದವಿರಲಿಲ್ಲ. ‘ಈ ಅವಧಿಯ ಕಾಗದಗಳು ಕಳೆದುಹೋಗಿರಬೇಕು’ ಎಂದು ಪ್ರೊಫೆಸರು ತಮ್ಮ ಲೇಖನದಲ್ಲಿ ಊಹಿಸಿದ್ದರು. ತನ್ನ ಊಹೆ ನಿಜವಾಯಿತು ಎಂದು ಹೇಳುವ ಕಾಗದವನ್ನು ಯಾವ ವಿದ್ವಾಂಸನೂ ಅನುಮಾನಿಸುವುದಿಲ್ಲ. ಬದರಿನಾಥನಿಗೆ ಇದು ಚೆನ್ನಾಗಿ ಗೊತ್ತಿತ್ತು, ಅವನೂ ವಿದ್ವಾಂಸನೇ. ಆದರೂ ಎಚ್ಚರಿಕೆಗೆಂದು ಗುನ್ವೋರ್ ಅವರನ್ನು ಒಂದು ಮಾತು ಕೇಳಿದ: ಆ ವರ್ಷ ಕಾಗದಗಳು ಯಾಕಿಲ್ಲ?

ಅವರು ಕಾಫಿ ಲೋಟವನ್ನು ತಟ್ಟೆಯ ಮೇಲೆ ಇಟ್ಟರು. “ಸಮುದ್ರ ಹೆಪ್ಪುಗಟ್ಟಿತ್ತೇನೋ. ಹಡಗುಗಳು ಬಂದಿರಲಾರವು.”

ಅವನಿಗೆ ಅಷ್ಟು ಸಾಕಾಯಿತು.

ಹಾಳೆ ಹೊರಗಿನಿಂದ ತರುವಂತಿರಲಿಲ್ಲ. ಹಾರ್ಲೋ ಮಡಿಸಿದ ಜೋಡಿ ಹಾಳೆಯ ಮೇಲೆ ಬರೆಯುತ್ತಿದ್ದ. ಮಾತು ಮುಗಿದರೆ ಎರಡನೆಯ ಹಾಳೆ ಖಾಲಿ ಉಳಿಯುತ್ತಿತ್ತು. ನಕಲಿಗೆಂದು ಮೇಲೆ ತಂದಿದ್ದ ಒಂದು ಕಾಗದದಿಂದ ಅಂಥದೊಂದು ಖಾಲಿ ಅರ್ಧವನ್ನು ಬದರಿನಾಥ ಮಡಿಕೆಯ ಗೆರೆಗುಂಟ ಬಿಡಿಸಿಕೊಂಡ. ಅದೇ ಗಿರಣಿಯ ಹಾಳೆ, ಬೆಳಕಿಗೆ ಹಿಡಿದರೆ ಕಾಣುವ ಅದೇ ನೀರ್ಗುರುತು, ಅದೇ ಇನ್ನೂರು ವರ್ಷದ ಹಳದಿ. ಮಡಿಕೆಯ ಮೇಲೆ ಮೂಳೆಯ ಚಾಕನ್ನು ಎರಡು ಸಲ ಇಟ್ಟು ತೆಗೆದು, ಮೂರನೆಯ ಸಲ ಆಡಿಸಿದ. ಇಪ್ಪತ್ತು ವರ್ಷ ಅವನು ಹಳೆಯ ಹಾಳೆಗಳನ್ನು ಉಸಿರು ಹಿಡಿದು ತಿರುವಿದ್ದ, ಒಂದನ್ನೂ ಹರಿದವನಲ್ಲ.

ಶಾಯಿ ಅವನಿಗೆ ಕಷ್ಟವಾಗಲಿಲ್ಲ. ಆ ಕಾಲದ ಯುರೋಪಿನ ಶಾಯಿ ಮಾಚಿಕಾಯಿ, ಅನ್ನಭೇದಿ, ಗೋಂದು ಇಷ್ಟರ ಅಡುಗೆ. ಅನ್ನಭೇದಿ ಇಲ್ಲಿ ಬಣ್ಣದಂಗಡಿಯಲ್ಲಿ ಸಿಗುತ್ತದೆ, ಮನೆಯ ಮರದ ಗೋಡೆಗಳಿಗೆ ಬಳಿಯಲು ಜನ ಕೊಳ್ಳುತ್ತಾರೆ. ಮಾಚಿಕಾಯಿ ಮನೆಯಲ್ಲೇ ಇತ್ತು. ಶ್ರಾವಣಿ ಹುಟ್ಟಿದಾಗ ಅತ್ತೆ ಕೊಟ್ಟು ಕಳಿಸಿದ್ದ ಡಬ್ಬಿಯಲ್ಲಿ ಬಜೆ, ಅಳಲೆಕಾಯಿ, ಜಾಜಿಕಾಯಿಗಳ ಜೊತೆ ನಾಲ್ಕಾರು ಮಾಚಿಕಾಯಿ ಉಳಿದಿದ್ದವು. ಸಾಣೆಕಲ್ಲಿನ ಮೇಲೆ ತೇದು ಮಗುವಿನ ನಾಲಿಗೆಗೆ ಸವರುತ್ತಿದ್ದ ಅದೇ ಕಾಯಿಗಳನ್ನು ಕುಟ್ಟಿ, ನೆನೆಹಾಕಿ, ಸೋಸಿ ಅವನು ಶಾಯಿ ಮಾಡಿದ. ಕೊಳದ ದಡದಲ್ಲಿ ಮಗಳೇ ಹೆಕ್ಕಿ ತಂದಿದ್ದ ಹೆಬ್ಬಾತಿನ ಗರಿ ಲೇಖನಿಯಾಯಿತು.

ಹಾರ್ಲೋನ ಕೈಬರಹ ಅವನ ಬೆರಳಿಗೆ ಆಗಲೇ ಬಂದುಬಿಟ್ಟಿತ್ತು. ಚಳಿಗಾಲವಿಡೀ ಅದನ್ನು ನೋಡಿದ್ದೇ ಕೆಲಸ. ಆ ಮನುಷ್ಯ ‘d’ ಅಕ್ಷರದ ಬಾಲವನ್ನು ಹಿಂದಕ್ಕೆ ಬಾಗಿಸುತ್ತಾನೆ, ಸಾಲಿನ ಕೊನೆಗೆ ಬಂದಾಗ ಅಕ್ಷರ ಒತ್ತರಿಸುತ್ತಾನೆ, ಭಾವುಕನಾದಾಗ ಅಲ್ಪವಿರಾಮ ಮರೆಯುತ್ತಾನೆ. ಮಗಳು ಡಾಗಿಸ್‌ನಲ್ಲಿರುವ ಹೊತ್ತು, ಕಿಟಕಿಯಿಂದ ಬರುವ ಬಿಳಿಚು ಬೆಳಕಿನಲ್ಲಿ ಕೂತು ಬರೆದ. ಫಿಲಡೆಲ್ಫಿಯಾ, ಫೆಬ್ರವರಿ ೧೭೮೭. ಗೋಥೆನ್‌ಬರ್ಗಿನಲ್ಲಿರುವ ಕುಮಾರಿ ಕ್ರಿಸ್ಟಿನಾ ಹೆಡೆನ್‌ಬರ್ಗ್ ಅವರಿಗೆ. ಪ್ರಿಯ ಕ್ರಿಸ್ಟಿನಾ, ನಿನ್ನ ಅಣ್ಣ ಪೂರ್ವದ ಸಮುದ್ರಗಳನ್ನು ಕಂಡವನಲ್ಲವೇ, ಮೈಸೂರಿನ ದೊರೆಯ ವಿಷಯ ಅವನೇನು ಕೇಳಿದ್ದಾನೆ ವಿಚಾರಿಸಿ ನನಗೆ ಬರೆಯುವೆಯಾ? ಕಬ್ಬಿಣದ ಕೊಳವೆಗಳಲ್ಲಿ ಬೆಂಕಿಯ ಬಾಣ ಹಾರಿಸುತ್ತಾನಂತೆ. ರೇಷ್ಮೆ ಹುಳುವನ್ನೂ ಸಾಕಿಸುತ್ತಾನಂತೆ. ಇಲ್ಲಿನ ನನ್ನ ಸ್ನೇಹಿತರು ಲಂಡನ್ನಿನ ಪತ್ರಿಕೆಗಳನ್ನು ನಂಬುತ್ತಾರೆ. ನಾನು ನಿನ್ನ ಬುದ್ಧಿಯನ್ನು ಹೆಚ್ಚು ನಂಬುತ್ತೇನೆ.

ಕೊನೆಯ ಮಾತು ಯೋಜನೆಯಲ್ಲಿರಲಿಲ್ಲ, ತಾನಾಗಿ ಬಂತು. ಬರೆದು ಮುಗಿಸಿದಾಗ ಅವನಿಗೆ ಹೆಮ್ಮೆಯಾಯಿತು. ಕೈ ತೊಳೆಯುವಾಗ ಬೆರಳಿನ ಕಪ್ಪು ಹೋಗಲಿಲ್ಲ; ಹೆಮ್ಮೆ ಹೋಯಿತು.

ಕಂಡುಹಿಡಿಯುವವನು ತಾನಾಗಬಾರದು ಎಂಬುದು ಅವನ ಉಪಾಯದ ಜೀವಾಳ. ಕಾಗದವನ್ನು ಬಿಸಿಲಿಗೂ ಹೀಟರಿನ ಕಾವಿಗೂ ಒಡ್ಡಿ, ಮಡಿಸಿ ಬಿಡಿಸಿ, ಹಳತಾಗಿಸಿ, ಗುನ್ವೋರ್ ಅವರ ಪೆಟ್ಟಿಗೆಯ ತಳದಲ್ಲಿ, ಕ್ರಿಸ್ಟಿನಾಳ ಅಣ್ಣನ ಹಡಗಿನ ಕಾಗದಗಳ ಕಟ್ಟಿನೊಳಗೆ ಇಟ್ಟ. ಆ ಕಟ್ಟನ್ನು ಇನ್ನೂ ಯಾರೂ ಬಿಚ್ಚಿರಲಿಲ್ಲ. ಬೇಸಿಗೆ ಕಳೆಯಲು ಬಿಟ್ಟು, ಪ್ರೊಫೆಸರಿಗೆ ವಿನಯದ ಮೇಲ್ ಬರೆದ: ಹಳೆಯ ಸ್ವೀಡಿಷ್ ಕೈಬರಹದ ಕಟ್ಟೊಂದಿದೆ, ನನಗೆ ಓದಲಾಗುತ್ತಿಲ್ಲ, ತಮಗೆ ಬಿಡುವಾದಾಗ ನೋಡಿದರೆ ಉಪಕಾರ.

ಬ್ರೊಡೀನರು ಕಟ್ಟನ್ನು ಒಯ್ದ ವಾರದಲ್ಲೇ ಫೋನ್ ಮಾಡಿದರು. ಉಸಿರು ಮೇಲೆಕೆಳಗಾಗುತ್ತಿತ್ತು.

“ಬದರಿನಾಥ್, ಕೂತಿದ್ದೀರಾ? ಮೊದಲು ಕೂತುಕೊಳ್ಳಿ. ಮೈಸೂರು ಅಂದರೆ ನಿಮ್ಮ ಊರಲ್ಲವೇ?”

ಅವರು ಅವನ ಪೂರ್ತಿ ಹೆಸರನ್ನು ಉಚ್ಚರಿಸಿದ್ದು ಅದೇ ಮೊದಲು.

ಮುಂದಿನದೆಲ್ಲ ಅವನು ಎಣಿಸಿದಂತೆಯೇ ನಡೆಯಿತು. ಕಾಗದದ ಪರಿಣತರೊಬ್ಬರು ನೀರ್ಗುರುತನ್ನು ನೋಡಿ ತಲೆಯಾಡಿಸಿದರು. ಶಾಯಿ ಆ ಕಾಲದ ಬಗೆಯದೇ ಎಂದರು. ಬ್ರೊಡೀನರು ತಮ್ಮ ಊಹೆ ನಿಜವಾದ ಸಂಭ್ರಮದಲ್ಲಿ ಮಗುವಿನಂತಾಗಿದ್ದರು. ಹೊಸ ಲೇಖನ ಇಬ್ಬರ ಹೆಸರಿನಲ್ಲಿ ಸಿದ್ಧವಾಯಿತು. ವಿಭಾಗದಲ್ಲಿ ಅವನಿಗೊಂದು ಸಂಶೋಧಕನ ಹುದ್ದೆ, ಬಾಗಿಲ ಮೇಲೆ ಹೆಸರಿನ ಫಲಕ. ಊರಿನ ಪತ್ರಿಕೆಯಲ್ಲಿ ಅವನ ಫೋಟೊ ಬಂತು. ರಾಜ್ಯೋತ್ಸವಕ್ಕೆ ಕನ್ನಡ ಕೂಟದವರು ಅವನಿಗೆ ಮೈಸೂರು ಪೇಟ ತೊಡಿಸಿ, ಶಾಲು ಹೊದಿಸಿದರು. ನಂದಕುಮಾರನೇ ಮೈಕು ಹಿಡಿದು, “ಅಮೆರಿಕಾ ಕಟ್ಟಿದವರಿಗೂ ನಮ್ ಮೈಸೂರ್ ಗೊತ್ತಿತ್ತು ಅಂತ ಪ್ರೂವ್ ಮಾಡಿದಾರೆ ನಮ್ ಬದರಿ ಸರ್!” ಎಂದ. ಚಪ್ಪಾಳೆ. ಪೇಟ ತಲೆಗೆ ಬಿಗಿಯಾಗಿತ್ತು. ಮೊದಲ ಸಾಲಿನಲ್ಲಿ ಜಾನಕಿ ಕಣ್ಣೊರೆಸಿಕೊಳ್ಳುತ್ತಿದ್ದಳು. ಅವನು ಆ ಕಡೆ ನೋಡಲಿಲ್ಲ.

ಮನೆಗೆ ಮರಳುವಾಗ ನದಿ ದಾಟುವ ದೋಣಿಯಲ್ಲಿ ಅವಳು ಹೇಳಿದಳು: “ನಿಮ್ಮನ್ನ ಕರ್ಕೊಂಡ್ ಬಂದು ನಿಮ್ ಲೈಫ್ ಹಾಳ್ ಮಾಡ್ಬಿಟ್ಟೆ ಅಂತ ಎಷ್ಟ್ ಸಲ ಅನ್ಕೊಂಡಿದೀನಿ ಗೊತ್ತಾ? ಇವತ್ತು ಆ ಭಾರ ಇಳೀತು ಕಣ್ರೀ.”

“ಹಾಗೆಲ್ಲ ಯಾಕ್ ಅನ್ಕೋತೀಯ,” ಎಂದ ಅವನು, ನೀರು ನೋಡುತ್ತ.

“ಅಂದ್ಹಾಗೆ, ಶ್ರಾವಣಿದು ಬಜೆ ಡಬ್ಬಿ ನಮ್ ಕೂಟದ ಪಾವನಾ ಮಗೂಗೆ ಕೊಡೋಣ ಅಂತ ತೆಗ್ದೆ. ಮಾಚಿಕಾಯಿ ಒಂದೂ ಇಲ್ವಲ್ರೀ?”

“ಹುಳ ಹಿಡ್ದಿತ್ತು. ಬಿಸಾಕ್ದೆ.”

ಸುಳ್ಳು ಎಷ್ಟು ಸಲೀಸಾಗಿ ಬಂತೆಂದರೆ ಅವನಿಗೇ ಭಯವಾಯಿತು. ಇಷ್ಟು ಸಣ್ಣ ವಿಷಯಕ್ಕೆ, ಇಷ್ಟು ದಿನ ಜೊತೆಗೆ ಬಾಳಿದವಳಿಗೆ.

ಆದರೆ ಅವನನ್ನು ನಿಜವಾಗಿ ಹಿಂಡಿದ್ದು ಕೆಳಮನೆ. ಕಾಗದ ಸಿಕ್ಕ ಸುದ್ದಿ ಕೇಳಿ ಗುನ್ವೋರ್ ಅದನ್ನು ಓದಿಸಿಕೊಳ್ಳಲು ಕಾದಿದ್ದರು. ಬದರಿನಾಥ ಎಂದಿನ ಕುರ್ಚಿಯಲ್ಲಿ ಕೂತು, ಎಂದಿನಂತೆ ‘ಪ್ರಿಯ ಕ್ರಿಸ್ಟಿನಾ’ ಎಂದು ಶುರುಮಾಡಿದ. ತಾನೇ ಕಟ್ಟಿದ ವಾಕ್ಯಗಳನ್ನು ಸತ್ತವನೊಬ್ಬನ ದನಿಯಲ್ಲಿ ಓದಿದ. ‘ನಾನು ನಿನ್ನ ಬುದ್ಧಿಯನ್ನು ಹೆಚ್ಚು ನಂಬುತ್ತೇನೆ’ ಎಂಬಲ್ಲಿಗೆ ಬಂದಾಗ ಅವರು ಕೈ ಚಾಚಿದರು. ಬ್ರೊಡೀನರು ಪರೀಕ್ಷೆ ಮುಗಿಸಿ ಮರಳಿಸಿದ್ದ ಹಾಳೆಯನ್ನು ಕೊಟ್ಟ. ಕಾಣದ ಅಕ್ಷರಗಳ ಮೇಲೆ ಸಾಲಿನಿಂದ ಸಾಲಿಗೆ ಬೆರಳಾಡಿಸಿದರು. ಕಣ್ಣಲ್ಲಿ ನೀರಿತ್ತು.

“ನಮ್ಮ ಮನೆಯಲ್ಲಿ ಕ್ರಿಸ್ಟಿನಾ ಬಗ್ಗೆ ಯಾರೂ ಒಳ್ಳೆಯ ಮಾತಾಡಲಿಲ್ಲ, ಬದ್ರಿ. ನನ್ನ ಅಪ್ಪ ಅವಳ ಹೆಸರು ಬಂದರೆ ಎದ್ದು ಹೋಗುತ್ತಿದ್ದರು. ದಡ್ಡಿ ಅಂತಲೇ ಎಲ್ಲರ ಲೆಕ್ಕ. ಇವನು ನೋಡು, ಅವಳ ಬುದ್ಧಿಯನ್ನು ನಂಬುತ್ತೇನೆ ಅಂತ ಬರೆದಿದ್ದಾನೆ.”

ಯಾಕೆ ದಡ್ಡಿ ಎನ್ನುತ್ತಿದ್ದರು ಎಂದು ಕೇಳಬೇಕಾಗಿತ್ತು. ಇತಿಹಾಸಕಾರನಾದವನು ಕೇಳಬೇಕಾದ ಪ್ರಶ್ನೆ. ಆದರೆ ಆ ಹೊತ್ತಿಗೆ ಅವನಿಗೆ ಆ ಕೋಣೆಯಿಂದ ಹೊರಗೆ ಹೋದರೆ ಸಾಕಾಗಿತ್ತು. ಯಾರಿಗೂ ಅನ್ಯಾಯವಾಗದು ಎಂದುಕೊಂಡಿದ್ದ. ಈಗ ಒಬ್ಬ ಮುದುಕಿ ಅವನ ಸುಳ್ಳನ್ನು ಎದೆಗವಚಿಕೊಂಡು ಅಳುತ್ತಿದ್ದರು. ಬ್ರೊಡೀನರಿಗೆ ಮೋಸ ಮಾಡಿದ್ದರಲ್ಲಿ ಒಂದು ಲೆಕ್ಕಾಚಾರವಿತ್ತು; ಇದಕ್ಕೆ ಯಾವ ಲೆಕ್ಕವೂ ಇರಲಿಲ್ಲ.

ಅಂದಿನಿಂದ ಊಟದ ರುಚಿ ಕೆಟ್ಟಿತು. ವಿಭಾಗದ ತನ್ನ ಕೋಣೆಯ ಬಾಗಿಲಲ್ಲಿ ಹೆಸರು ನೋಡಿದಾಗಲೆಲ್ಲ ಯಾರೋ ಬೇರೆಯವರ ಮನೆಗೆ ಬೀಗ ತೆಗೆಯುತ್ತಿದ್ದೇನೆ ಅನ್ನಿಸುತ್ತಿತ್ತು. ಲಿಂಕೋಪಿಂಗ್‌ನಿಂದ ಉಪನ್ಯಾಸಕ್ಕೆ ಕರೆ ಬಂತು, ಜ್ವರ ಎಂದು ತಪ್ಪಿಸಿಕೊಂಡ. ಕಾಗದವನ್ನು ಕಳವು ಮಾಡಿ ಸುಟ್ಟುಬಿಡಲೇ ಎಂದೂ ಯೋಚಿಸಿದ. ಅಷ್ಟರಲ್ಲಿ ಅದು ವಿಶ್ವವಿದ್ಯಾಲಯದ ಉಕ್ಕಿನ ಬೀರು ಸೇರಿತ್ತು. ಅವನು ಹೆತ್ತ ಸುಳ್ಳು ಈಗ ಅವನಿಗಿಂತ ಭದ್ರವಾದ ಜಾಗದಲ್ಲಿತ್ತು.

ಮೇ ತಿಂಗಳಿನಲ್ಲಿ ಸಾರ್ವಜನಿಕ ಸಭೆ ಗೊತ್ತಾಯಿತು. ಹೆಡೆನ್‌ಬರ್ಗ್ ಕಾಗದಗಳನ್ನೆಲ್ಲ ಗುನ್ವೋರ್ ವಿಶ್ವವಿದ್ಯಾಲಯಕ್ಕೆ ಒಪ್ಪಿಸುವುದು, ಬ್ರೊಡೀನ್ ಮತ್ತು ಬದರಿನಾಥ ಮಾತಾಡುವುದು. ಅದರ ಮುಂಚಿನ ದಿನ ಅವನು ಗಟ್ಟಿ ಮನಸ್ಸು ಮಾಡಿ ಕೆಳಗಿಳಿದ. ಹೇಳಿಬಿಡುವುದು. ಮೊದಲು ಇವರಿಗೆ, ಆಮೇಲೆ ಬ್ರೊಡೀನರಿಗೆ, ಕೊನೆಗೆ ಜಾನಕಿಗೆ. ಹುದ್ದೆ ಹೋಗಲಿ, ಹೆಸರು ಹೋಗಲಿ. ಮೆಟ್ಟಿಲಿಳಿಯುವಾಗ ಸ್ವೀಡಿಷಿನಲ್ಲಿ ವಾಕ್ಯವನ್ನು ಜೋಡಿಸಿಕೊಂಡಿದ್ದ.

ಗುನ್ವೋರ್ ನೀಲಿ ಉಡುಪನ್ನು ಕುರ್ಚಿಯ ಮೇಲೆ ಹರಡಿ, ಇಸ್ತ್ರಿ ಸರಿಯಾಗಿದೆಯೇ ಎಂದು ಅಂಗೈಯಲ್ಲಿ ಸವರಿ ನೋಡುತ್ತಿದ್ದರು.

“ಬದ್ರಿ? ಒಳ್ಳೆಯದಾಯಿತು ಬಂದೆ. ಇಲ್ಲಿ ಕಲೆಯೇನಾದರೂ ಇದೆಯಾ ನೋಡು.”

“ಇಲ್ಲ. ಚೆನ್ನಾಗಿದೆ.” ಅವನು ಕುರ್ಚಿಯ ಪಕ್ಕಕ್ಕೆ ಬಂದು ನಿಂತ. “ಗುನ್ವೋರ್, ನಿಮಗೊಂದು ಮಾತು ಹೇಳಬೇಕು.”

“ನನಗೂ ಇದೆ ನಿನಗೆ ಹೇಳುವುದು. ನೀನು ನನಗೆ ಏನೆಲ್ಲ ಕೊಟ್ಟೆ. ನಾನು ನಿನಗೆ ಏನೂ ಕೊಟ್ಟಿಲ್ಲ.”

“ಹಾಗನ್ನಬೇಡಿ. ನೀವು ಮೊದಲು ನನ್ನ ಮಾತು ಕೇಳಿ.”

“ನಾಳೆ,” ಎಂದರು ಅವರು, ಅವನ ಕೈ ಹುಡುಕಿ ಹಿಡಿದು. “ನಾಳೆ ಎಲ್ಲರೆದುರು ನಾನು ನಿನಗೊಂದು ಉಡುಗೊರೆ ಕೊಡುತ್ತೇನೆ. ಅದಾದ ಮೇಲೆ ನೀನು ಏನು ಬೇಕಾದರೂ ಹೇಳು. ಈಗ ಹೇಳಿದರೆ ನನಗೆ ಅಳು ಬಂದು ಮುಖ ಊದಿಕೊಳ್ಳುತ್ತದೆ.”

ಆ ಕೈಯಲ್ಲಿ ಬಿಸಿಯಿತ್ತು. ಬದರಿನಾಥ ಜೋಡಿಸಿಟ್ಟ ವಾಕ್ಯವನ್ನು ನುಂಗಿಕೊಂಡ. ಮೇಲೆ ಹತ್ತುವಾಗ ನಿರಾಳವಾಯಿತು, ಆ ನಿರಾಳಕ್ಕೆ ನಾಚಿಕೆಯೂ ಆಯಿತು. ನಾಳೆ ಕಳೆದರೆ ಇನ್ನು ಯಾರೂ ಆ ಕಾಗದವನ್ನು ಕೆದಕುವುದಿಲ್ಲ. ಹಾಳೆ ನಿಜ, ನೀರ್ಗುರುತು ನಿಜ, ಶಾಯಿ ನಿಜ, ಅಕ್ಷರಗಳು ಹಾರ್ಲೋನವೇ. ಅವನು ಬಾಯಿ ಬಿಟ್ಟರೆ ಮಾತ್ರ ಅದು ಸುಳ್ಳು. ಪಾಪವನ್ನು ಹೊತ್ತು ಬದುಕುವುದೇ ತನಗಿರುವ ಶಿಕ್ಷೆ, ಅದನ್ನು ಅನುಭವಿಸುತ್ತೇನೆ ಎಂದುಕೊಂಡ. ಹಾಗೆ ಅಂದುಕೊಂಡಾಗ ತಾನು ಸ್ವಲ್ಪ ಒಳ್ಳೆಯವನೇ ಅನ್ನಿಸಿತು.

ಸಭಾಂಗಣ ತುಂಬಿತ್ತು. ಕನ್ನಡದವರ ಒಂದು ಸಾಲೇ ಇತ್ತು. ಜಾನಕಿ ರೇಷ್ಮೆ ಸೀರೆಯುಟ್ಟು ಬಂದಿದ್ದಳು, ಶ್ರಾವಣಿ ಅವಳ ತೊಡೆಯ ಮೇಲಿದ್ದಳು. ಪರದೆಯ ಮೇಲೆ ಆ ಕಾಗದ, ಒಂದೊಂದು ಅಕ್ಷರವೂ ಮೊಳದುದ್ದ. ಬ್ರೊಡೀನರು ಮಾತು ಶುರುಮಾಡುವ ಮುಂಚೆ, ಮನೆಯ ಯಜಮಾನಿ ಮೊದಲು ಎರಡು ಮಾತಾಡಲಿ ಎಂದು ಗುನ್ವೋರ್ ಅವರನ್ನು ಕರೆದರು. ಬದರಿನಾಥನೇ ಕೈ ಹಿಡಿದು ಅವರನ್ನು ಮೈಕಿನ ಹತ್ತಿರ ನಿಲ್ಲಿಸಿ ಬಂದ.

“ನಾನು ಬದ್ರಿಗೆ ಒಂದು ಉಡುಗೊರೆ ತಂದಿದ್ದೇನೆ,” ಎಂದರು ಗುನ್ವೋರ್. “ಅವನು ಸತ್ಯ ಹುಡುಕುವವನು, ಅದಕ್ಕೆ ಒಂದು ಸತ್ಯವನ್ನೇ ತಂದಿದ್ದೇನೆ. ಇದು ಯಾವ ಕಾಗದದಲ್ಲೂ ಇಲ್ಲ. ನಮ್ಮ ಮನೆಯ ಹೆಂಗಸರು ಬಾಯಿಂದ ಬಾಯಿಗೆ ಹೇಳಿಕೊಂಡು ಬಂದದ್ದು. ಹೊರಗೆ ಯಾರಿಗೂ ಹೇಳುವುದಿಲ್ಲ ಅಂತ ಅಮ್ಮನಿಗೆ ಮಾತು ಕೊಟ್ಟಿದ್ದೆ. ಬದ್ರಿ ಒಮ್ಮೆ ಕೇಳಿದಾಗಲೂ ಸುಳ್ಳು ಹೇಳಿದೆ. ಆದರೆ ಹಾರ್ಲೋ ಅವಳನ್ನು ಎಷ್ಟು ಗೌರವಿಸುತ್ತಿದ್ದ ಅಂತ ಈ ಕಾಗದ ಕೇಳಿದ ಮೇಲೆ, ಇನ್ನು ನಾಚಿಕೆ ಯಾಕೆ ಅನ್ನಿಸಿತು.” ಅವರು ಮೈಕಿನ ಕಂಬವನ್ನು ಹಿಡಿದುಕೊಂಡರು. “ಹಾರ್ಲೋನ ಹೆಂಡತಿ ಸತ್ತಾಗ ಅವನ ಮಕ್ಕಳನ್ನು ನೋಡಿಕೊಳ್ಳಲು ಕ್ರಿಸ್ಟಿನಾ ಹಡಗು ಹತ್ತಿ ಹೋದಳು. ಅವಳ ಅಪ್ಪ ಬೇಡ ಅಂದರೂ ಹೋದಳು. ತಿರುಗಿ ಬರುವಾಗ ಮಡಿಲಲ್ಲಿ ಒಂದು ಗಂಡುಮಗು. ಊರಿನವರಿಗೆ ಅಣ್ಣನ ಮಗ ಅಂತ ಹೇಳಿದರು. ನಾನು ಆ ಮಗುವಿನ ವಂಶದವಳು.”

ಸಭೆಯಲ್ಲಿ ಮೆಚ್ಚುಗೆಯ ಗುಸುಗುಸು ಹರಡಿತು, ಯಾರೋ ಚಪ್ಪಾಳೆ ತಟ್ಟಿದರು. ಬದರಿನಾಥನ ಕಣ್ಣೂ ತುಂಬಿತು. ತನ್ನ ಸುಳ್ಳಿನಿಂದ ಕೊನೆಗೂ ಒಂದು ಒಳ್ಳೆಯದಾಯಿತಲ್ಲ ಎಂದು ಅವನು ಮನಸ್ಸಿನಲ್ಲೇ ಕೈ ಮುಗಿಯುತ್ತಿದ್ದ.

ಗುನ್ವೋರ್ ಚಪ್ಪಾಳೆ ನಿಲ್ಲುವವರೆಗೆ ಕಾದು, ಬ್ರೊಡೀನರು ಕೂತಿದ್ದ ಕಡೆಗೆ ಅಂದಾಜಿನಿಂದ ಮುಖ ತಿರುಗಿಸಿದರು. “ಅದಕ್ಕೇ ಪ್ರೊಫೆಸರ್, ೧೭೮೬ರ ಬೇಸಿಗೆಯಿಂದ ಮರುವರ್ಷದ ಶರತ್ಕಾಲದ ತನಕ ಕಾಗದಗಳಿಲ್ಲ. ಅವು ಕಳೆದುಹೋದದ್ದಲ್ಲ. ಅವನು ಬರೆಯಲೇ ಇಲ್ಲ. ಅಷ್ಟು ದಿನವೂ ಕ್ರಿಸ್ಟಿನಾ ಫಿಲಡೆಲ್ಫಿಯಾದಲ್ಲಿ ಅವನ ಮನೆಯಲ್ಲೇ ಇದ್ದಳು. ಒಂದೇ ಸೂರಿನ ಕೆಳಗಿರುವವಳಿಗೆ ಯಾರಾದರೂ ಕಾಗದ ಬರೆಯುತ್ತಾರೆಯೇ?” ಜನ ನಕ್ಕರು. ಬ್ರೊಡೀನರೂ ನಗುತ್ತ, ನಗು ಮುಖದ ಮೇಲಿರುವಾಗಲೇ, ನಿಧಾನವಾಗಿ ಪರದೆಯ ಕಡೆ ತಿರುಗಿದರು. ಅಲ್ಲಿ ಎಲ್ಲಕ್ಕಿಂತ ಮೇಲೆ, ಹಾರ್ಲೋನ ಕೈಬರಹದಲ್ಲಿ, ಫೆಬ್ರವರಿ ೧೭೮೭ ಎಂದಿತ್ತು. ಅದರ ಕೆಳಗೆ, ಗೋಥೆನ್‌ಬರ್ಗಿನಲ್ಲಿರುವ ಕುಮಾರಿ ಕ್ರಿಸ್ಟಿನಾಳಿಗೆ ಎಂದಿತ್ತು. ಗುನ್ವೋರ್ ಅವರಿಗೆ ಅದು ಕಾಣುತ್ತಿರಲಿಲ್ಲ. ಎಷ್ಟೊಂದು ಕಾಗದಗಳನ್ನು ಅವರಿಗೆ ಓದಿ ಹೇಳಿದ್ದ ಬದರಿನಾಥ, ಯಾವುದರಲ್ಲೂ ತಾರೀಖನ್ನು ಮಾತ್ರ ಓದಿರಲಿಲ್ಲ.